ಮಂಜು ಬೀಳದ ಊರಿನ ಇಂಗ್ಲಿಷು

ಹೈದರಾಬಾದಿನ ಅಬಿಡ್ಸ್‌ನಲ್ಲಿ ಭಾನುವಾರ ಫುಟ್‌ಪಾತಿನುದ್ದಕ್ಕೂ ಹಳೆ ಪುಸ್ತಕದ ಸಂತೆ. ಅಲ್ಲಿ ಕಾದಂಬರಿಗೆ ಚೌಕಾಸಿ ಮಾಡಬೇಕು, ಇಂಗ್ಲಿಷ್ ಕಲಿಸುವ ಗೈಡುಗಳು ಮಾತ್ರ ಕೇಳಿದ ರೇಟಿಗೆ ಸಿಗುತ್ತವೆ, ಅಷ್ಟೊಂದು ಇರುತ್ತವೆ. ತಂಗಿಯ ಮಗಳು ಬೀದರಿನಲ್ಲಿ ಡಿಗ್ರಿ ಮುಗಿಸಿ, ಕೆಲಸ ಹುಡುಕಿಕೊಂಡು ನಮ್ಮ ಮನೆಗೆ ಬಂದಾಗ ಅಂಥದೊಂದು ಗೈಡನ್ನು ಕೊಡಿಸಿದವನು ನಾನೇ. ಅದರಲ್ಲಿ ಚಳಿಗಾಲದ ನುಡಿಗಟ್ಟುಗಳದೇ ಒಂದು ಅಧ್ಯಾಯ. ಎಡಕ್ಕೆ ನುಡಿಗಟ್ಟು, ಬಲಕ್ಕೆ ಅರ್ಥ. 'ಸ್ನೋಡ್ ಅಂಡರ್' ಅಂದರೆ ಕೈತುಂಬ ಕೆಲಸ. 'ಕೋಲ್ಡ್ ಫೀಟ್' ಅಂದರೆ ಕೊನೇ ಗಳಿಗೆಯ ಅಂಜಿಕೆ. ಹುಡುಗಿ ಅಮೀರ್‌ಪೇಟೆಯ ಕೋಚಿಂಗಿಗೆ ಹೋಗುವ ಬಸ್ಸಿನಲ್ಲಿ ನಿಂತೇ ಎಲ್ಲವನ್ನೂ ಬಾಯಿಪಾಠ ಮಾಡಿದಳು. ಕೆಲಸವೂ ಸಿಕ್ಕಿತು. ಅಮೆರಿಕದ ಗಿರಾಕಿಗಳ ಫೋನು ತೆಗೆದುಕೊಳ್ಳುವ ರಾತ್ರಿಪಾಳಿಯ ಕೆಲಸ.

ಒಂದು ದಿನ ಬೆಳಿಗ್ಗೆ ಮುಖ ಸಣ್ಣದು ಮಾಡಿಕೊಂಡು ಬಂದಳು. ಬಿಲ್ಲು ಯಾಕೆ ಕಟ್ಟಿಲ್ಲ ಅಂತ ಕೇಳಿದ್ದಕ್ಕೆ ಆ ಕಡೆಯ ಮುದುಕಿ 'ವಿ ಆರ್ ಸ್ನೋಡ್ ಇನ್' ಅಂದಿದ್ದಾಳೆ. ಇವಳು ಗೈಡನ್ನು ನೆನೆದು, 'ಪರವಾಗಿಲ್ಲ ಮೇಡಂ, ಕೆಲಸದ ಗಡಿಬಿಡಿ ಮುಗಿದ ಮೇಲೆ ಕಟ್ಟಿ' ಎಂದಿದ್ದಾಳೆ. ಆ ಮುದುಕಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಮೂರು ದಿನದಿಂದ ಮನೆಯ ಬಾಗಿಲು ತೆರೆಯಲಾಗಿಲ್ಲ, ಹೊರಗೆ ಸೊಂಟದ ಮಟ್ಟ ಹಿಮ ಬಿದ್ದಿದೆ, ಮನೆಯಲ್ಲಿ ತಾನು ಮತ್ತು ಗಂಡ ಇಬ್ಬರೇ ಎಂದಳಂತೆ.

"ಬುಕ್ಕಿನ್ಯಾಗ ಹಂಗs ಬರದಿತ್ತಲ್ಲ ಮಾಮಾ," ಅಂದಳು ಹುಡುಗಿ. ರೆಕಾರ್ಡಿಂಗ್ ಕೇಳಿದ ಮೇಲಿನವರು ಅಂಕ ಕಡಿದಿದ್ದಕ್ಕಲ್ಲ ಅವಳ ಬೇಸರ. "ಆ ಅಜ್ಜಿಗೆ ನಾ ಚಾಷ್ಟಿ ಮಾಡ್ದಂಗ ಆತಲ್ಲ."

ತಪ್ಪು ಅವಳದಲ್ಲ ಎಂದು ನಾನು ವಾದಿಸುತ್ತೇನೆ. ಪುಸ್ತಕ ಕೊಡಿಸಿದವನಾಗಿ ವಾದಿಸಲೇಬೇಕು. ಈ ಗೈಡುಗಳ ದೋಷ ಕಾಗುಣಿತದಲ್ಲಿಲ್ಲ, ಅವು ಮಾತನ್ನು ಅದರ ಹವಾಮಾನದಿಂದ ಕಿತ್ತು ಪಟ್ಟಿಗೆ ಹಾಕುತ್ತವೆ. ಹಿಮ ಬಾಗಿಲು ಮುಚ್ಚುತ್ತದೆ ಎಂಬುದು ಗೊತ್ತಿದ್ದರೆ 'ಅಂಡರ್' ಯಾಕೆ, 'ಇನ್' ಯಾಕೆ ಎಂದು ಯಾರೂ ಹೇಳಿಕೊಡಬೇಕಿಲ್ಲ. ನಮಗೆ ಗೊತ್ತಿರುವುದು ಮಂಜು ಒಂದೇ: ಇಬ್ಬನಿಗೂ ಅದೇ, ಕಾವಳಕ್ಕೂ ಅದೇ, ಸಿನಿಮಾದಲ್ಲಿ ಕಂಡ ಕಾಶ್ಮೀರಕ್ಕೂ ಅದೇ. ಹೈದರಾಬಾದಿನ ಡಿಸೆಂಬರಿನಲ್ಲಿ ಬೆಳಗಿನ ಜಾವ 14-15 ಡಿಗ್ರಿಗೆ ಇಳಿದರೆ ಕಿವಿಗೆ ಮಫ್ಲರ್ ಸುತ್ತುವ ಜನ ನಾವು. ಶಿವರಾತ್ರಿಗೆ ನಮ್ಮ ಚಳಿ ಶಿವಶಿವಾ ಎಂದು ತಾನಾಗಿಯೇ ಹೋಗಿಬಿಡುತ್ತದೆ.

ಕಥೆ ಹೇಳಲು ಹೊರಟಾಗಲೂ ಈ ಗೈಡುಗಳು ದಾರಿ ತಪ್ಪುತ್ತವೆ. 'ಕೋಲ್ಡ್ ಶೋಲ್ಡರ್' ಎಂಬುದಕ್ಕೆ, ಬೇಡದ ಅತಿಥಿಗೆ ಕುರಿಯ ಭುಜದ ತಂಗಳು ಮಾಂಸ ಬಡಿಸುತ್ತಿದ್ದರು ಎಂಬ ವಿವರಣೆ ಇದೆ. ರುಚಿಯಾದ ಕಥೆ, ಆದರೆ ಆಧಾರವಿಲ್ಲ. ಈ ಮಾತು ಮೊದಲು ಕಾಣಿಸುವುದು 1816ರಲ್ಲಿ ಬಂದ ವಾಲ್ಟರ್ ಸ್ಕಾಟ್‌ನ 'ದಿ ಆಂಟಿಕ್ವರಿ' ಕಾದಂಬರಿಯಲ್ಲಿ, ಸ್ಕಾಟ್ಲೆಂಡಿನ ಆಡುನುಡಿಯ ವೇಷದಲ್ಲಿ. ಅಲ್ಲಿ ಊಟದ ಸುದ್ದಿಯಿಲ್ಲ, ಇರುವುದು ಭುಜ ತಿರುಗಿಸಿದ ಬಿಂಕ. ನಾವು ಮುಖ ತಿರುಗಿಸುತ್ತೇವೆ, ಅವರು ಭುಜ ತಿರುಗಿಸಿದರು, ಅಷ್ಟೆ.

'ಬ್ರೇಕ್ ದಿ ಐಸ್' ಇದಕ್ಕಿಂತ ಹಳೆಯದು. ಶೇಕ್ಸ್‌ಪಿಯರನ 'ದಿ ಟೇಮಿಂಗ್ ಆಫ್ ದಿ ಶ್ರೂ' ನಾಟಕದಲ್ಲೇ ಇದೆ. ತಂಗಿಯನ್ನು ಮದುವೆಯಾಗಲು ತವಕಿಸುವವರಿಗೆ ಅಕ್ಕನ ಮದುವೆಯೇ ಅಡ್ಡಿ, ಅದನ್ನು ಯಾರಾದರೂ ಮೊದಲು ಬಿಡಿಸಬೇಕು. ಹೆಪ್ಪುಗಟ್ಟಿದ ನೀರನ್ನು ಒಡೆದು ದೋಣಿಗೆ ದಾರಿ ಮಾಡುವ ಚಿತ್ರ ಅದು. ಕನ್ನಡದಲ್ಲಿ ಇದಕ್ಕೆ ಹತ್ತಿರವಾದದ್ದು 'ಮೈಚಳಿ ಬಿಡು'. ಆದರೆ ಎರಡೂ ಒಂದೇ ಅಲ್ಲ. ಅವರ ಐಸು ಇಬ್ಬರ ನಡುವೆ ಇದೆ, ಯಾರು ಬೇಕಾದರೂ ಒಡೆಯಬಹುದು. ನಮ್ಮ ಚಳಿ ನಮ್ಮ ಮೈಮೇಲೆಯೇ ಇದೆ, ನಾವೇ ಬಿಡಬೇಕು. ಇಂಟರ್‌ವ್ಯೂನಲ್ಲಿ ಬಾಯಿ ಕಟ್ಟಿದ ನಮ್ಮ ಮಕ್ಕಳು ತಪ್ಪೆಲ್ಲ ತಮ್ಮದೇ ಅಂದುಕೊಳ್ಳುವುದಕ್ಕೂ ಇದಕ್ಕೂ ಸಂಬಂಧ ಇದೆಯೋ ಏನೋ.

ಇನ್ನೂ ದೊಡ್ಡ ಅಂತರ ಬೇರೆಯಿದೆ. ಇಂಗ್ಲಿಷಿನಲ್ಲಿ ಬಿಸಿಯೇ ಪ್ರೀತಿ, ತಂಪು ತಿರಸ್ಕಾರ. ನಮ್ಮಲ್ಲಿ ಹೊಟ್ಟೆ ತಣ್ಣಗಿರಬೇಕು, ಎದೆ ತಂಪಾಗಬೇಕು, ಕಂಡದ್ದು ಕಣ್ಣಿಗೆ ತಂಪೆನಿಸಬೇಕು. ಐಸ್‌ನಿಂದ ನಾವೇ ಕಟ್ಟಿಕೊಂಡ ನುಡಿಗಟ್ಟು ಒಂದಿದೆ, 'ಐಸ್ ಇಡೋದು', ಅಂದರೆ ಹೊಗಳಿ ಹೊಗಳಿ ತಣ್ಣಗೆ ಮಾಡುವುದು. ಹೊಗಳಿಕೆ ನಮಗೆ ತಂಪು! ನಮ್ಮ ಮಹಡಿಯ ತೆಲುಗು ಅಜ್ಜಿಗೆ ಹುಡುಗಿ ಒಮ್ಮೆ ಮಾತ್ರೆ ತಂದುಕೊಟ್ಟಾಗ ಆಕೆ ತಲೆ ಸವರಿ 'ನೀ ಕಡುಪು ಚಲ್ಲಗಾ' ಎಂದರು. ಊರು ಬಿಟ್ಟು ಬಂದವಳಿಗೆ ಅದಕ್ಕೆ ಗೈಡು ಬೇಕಾಗಲಿಲ್ಲ, ಅವಳ ಅಜ್ಜಿಯ ಮಾತೇ ತೆಲುಗಿನಲ್ಲಿ ಕೇಳಿಸಿತ್ತು. ಅದನ್ನೇ ಪದಕ್ಕೆ ಪದ ಇಂಗ್ಲಿಷ್ ಮಾಡಿದ್ದರೆ ಫೋನಿನ ಆ ಕಡೆಯವರು ಶಾಪ ಅಂದುಕೊಂಡಾರು.

ಇದನ್ನು ತೀರಾ ಎಳೆಯಬಾರದು. ಮೊದಲು ಬೆಚ್ಚಗಿನ ಮನೆಯೊಂದು ಬೇಕೆಂದವನು ನಮ್ಮ ಸರ್ವಜ್ಞನೇ. ಹೊಟ್ಟೆಗೆ ತಣ್ಣೀರು ಬಟ್ಟೆ ಬಂತೆಂದರೆ ನಮ್ಮಲ್ಲೂ ಅದು ಉಪವಾಸ. ಆ ಬಟ್ಟೆ ಬರದಿರಲಿ ಎಂದೇ ಅಲ್ಲವೆ ಈ ಮಕ್ಕಳು ಹಿಮದ ಮಾತು ಕಲಿಯುವುದು?

ಆದರೆ ಕನ್ನಡದಲ್ಲೇ ಬರೆಯುವವರಿಗೆ ಆ ಬಲವಂತವಿಲ್ಲ. ಪತ್ರಿಕೆಗಳಲ್ಲಿ ಹಗರಣವೊಂದು ಬಯಲಾದರೆ ಅದು 'ಮಂಜುಗಡ್ಡೆಯ ತುದಿ ಮಾತ್ರ'. ಹತ್ತರಲ್ಲಿ ಒಂಬತ್ತು ಪಾಲು ನೀರೊಳಗಿರುವ ಬೆಟ್ಟವನ್ನು ಕಾಣದ ಓದುಗನ ಕಣ್ಣಿಗೆ ಬರುವುದು ಸೋಡಾ ಅಂಗಡಿಯ ಗಡ್ಡೆ. 'ಶೀತಲ ಸಮರ'ದ ಮಾತು ಬೇರೆ. ಅದು ಅಮೆರಿಕ ರಷ್ಯಾಗಳನ್ನು ಬಿಟ್ಟು ಅತ್ತೆ ಸೊಸೆಯರ ನಡುವೆ ಬಂದು ಕೂತಿದೆ, ನಮ್ಮದೇ ಆಗಿದೆ. ಬಿಎಂಶ್ರೀಯವರು 1920ರ ದಶಕದ 'ಇಂಗ್ಲಿಷ್ ಗೀತಗಳು' ಸಂಕಲನದಲ್ಲಿ ಥಾಮಸ್ ನ್ಯಾಶನ ವಸಂತದ ಹಾಡನ್ನು ಕನ್ನಡಕ್ಕೆ ತಂದರಲ್ಲ, ಮೂಲದಲ್ಲಿ ಚಳಿಯ ಮುಳ್ಳು ಮೊಂಡಾಗುತ್ತದೆ ಅಷ್ಟೆ, ಶ್ರೀಯವರ ವಸಂತ ಚಳಿಯ ಕಥೆಯನ್ನೇ ಮುಗಿಸುತ್ತಾನೆ. ನಮ್ಮ ಕಿವಿಗೆ ಅದು ಸಾಕಾಗುವಂತೆ ಅವರು ಬದಲಿಸಿದರು. ಅನುವಾದ ಎಂದರೆ ನನಗೆ ಆ ಧೈರ್ಯ.

ಹೈದರಾಬಾದಿಗೆ ಈ ಜಗಳ ಹೊಸದಲ್ಲ. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಇಂಗ್ಲಿಷ್ ಬಿಟ್ಟು ಉರ್ದುವಿನಲ್ಲೇ ಪಾಠ ಹೇಳಿತು, ಪಠ್ಯಗಳಿಗಾಗಿಯೇ ಒಂದು ಅನುವಾದ ಕಚೇರಿ ನಡೆಯಿತು. ಅದರ ಮಗ್ಗುಲಲ್ಲೇ ಇಂಗ್ಲಿಷ್ ಕಲಿಸುವ ಮೇಷ್ಟರುಗಳನ್ನು ತಯಾರು ಮಾಡಲು 1958ರಲ್ಲಿ ಹುಟ್ಟಿದ ಕೇಂದ್ರ ಸಂಸ್ಥೆ 2007ರಲ್ಲಿ ವಿಶ್ವವಿದ್ಯಾಲಯವಾಯಿತು. ಎರಡರ ನಡುವೆ ಬಸ್ಸಿನಲ್ಲಿ ಓಡಾಡುವಾಗ, ಇವೆರಡೂ ಒಂದು ದಿನ ಕೂತು ನಮ್ಮ ಮಕ್ಕಳಿಗೊಂದು ಗೈಡು ಬರೆಯಬಾರದಿತ್ತೇ ಅನ್ನಿಸುತ್ತದೆ.

ಆಮೇಲೆ ಹುಡುಗಿ ತನ್ನ ಗೈಡಿಗೆ ತಾನೇ ಟಿಪ್ಪಣಿ ಹಾಕತೊಡಗಿದಳು. 'ಸ್ನೋಡ್ ಅಂಡರ್' ಪಕ್ಕದಲ್ಲಿ ಪೆನ್ಸಿಲಿನಿಂದ, 'ಇನ್ ಅಂದ್ರ ಖರೇನ ಹಿಮ. ಮೊದಲು ಅವರು ಹ್ಯಾಂಗಿದಾರ ಕೇಳಬೇಕು' ಎಂದು ಬರೆದಿದ್ದಾಳೆ. ಕೋಠಿಯ ರಸ್ತೆಬದಿಯಲ್ಲಿ ಒಂದು ದಪ್ಪ ಸ್ವೆಟರನ್ನೂ ಕೊಂಡು ತಂದಳು. ಮೇ ತಿಂಗಳಲ್ಲಿ ಸ್ವೆಟರ್ ಯಾಕೆ ಅಂತ ನಾನು ನಕ್ಕೆ. "ಆಫೀಸಿನ್ಯಾಗ ಏಸಿ ಭಾಳ ಥಂಡಿ ಮಾಮಾ," ಎಂದು ಅದನ್ನು ಬ್ಯಾಗಿಗೆ ತುರುಕಿಕೊಂಡು ರಾತ್ರಿ ಕ್ಯಾಬ್ ಹತ್ತಿದಳು.