ನಾಯಿಕೊಡೆಯೆಂಬ ಹೆಸರಿನ ವಿಚಾರ

ಭಯವನ್ನೋ ಹೇಸಿಗೆಯನ್ನೋ ಹುಟ್ಟಿಸುವ ವಸ್ತುಗಳಿಗೆ ಜನರು ಇಟ್ಟ ಹೆಸರುಗಳನ್ನು ಅಜ್ಞಾನದ ಫಲವೆಂದು ತಳ್ಳಿಬಿಡುವುದು ವಿದ್ವಾಂಸರಲ್ಲಿ ರೂಢವಾಗಿದೆ. ಪಾಠಪುಸ್ತಕಗಳಲ್ಲಿ 'ಶಿಲೀಂಧ್ರ'ವು ನೆಲೆಗೊಂಡ ಮೇಲೆ 'ನಾಯಿಕೊಡೆ'ಯು ಗ್ರಾಮ್ಯವೆನಿಸಿತು. ಈ ತೀರ್ಪು ವಿಚಾರಸಹವಾದುದಲ್ಲ.

ಸಮಾಸವನ್ನು ಬಿಡಿಸಿ ನೋಡತಕ್ಕದ್ದು. ಉತ್ತರಪದವು ಆಕಾರವನ್ನು ಹೇಳುತ್ತದೆ. ಪೂರ್ವಪದಕ್ಕೆ ಆಕಾರದ ಗೊಡವೆಯೇ ಇಲ್ಲ. ನೆಗ್ಗಿಲಿಗೆ ಸಂಸ್ಕೃತದಲ್ಲಿ 'ಶ್ವದಂಷ್ಟ್ರಾ' ಎಂಬ ಹೆಸರು ಬಂದದ್ದು ಅದರ ಮುಳ್ಳು ನಾಯಿಯ ಕೋರೆಯನ್ನು ಹೋಲುವುದರಿಂದ. ನಾಯಿಕೊಡೆಯಲ್ಲಾದರೋ ಅಂಥ ಸಾದೃಶ್ಯವಿಲ್ಲ. ನಾಯಿತುಳಸಿ, ನಾಯಿಸಾಸಿವೆಗಳಲ್ಲಿರುವಂತೆ ಅಲ್ಲಿ ಇರುವುದು ನಿಂದೆ. ತುಳಸಿಯಂತೆ ತೋರಿಯೂ ತುಳಸಿಯಲ್ಲದ್ದು, ಕೊಡೆಯಂತಿದ್ದೂ ಮನುಷ್ಯನಿಗೆ ಸಲ್ಲದ್ದು ಎಂಬ ನಿಷೇಧವೇ ಅದರ ತಾತ್ಪರ್ಯ. ಛತ್ರವು ರಾಜಲಾಂಛನವಷ್ಟೆ! ಅದನ್ನು ನಾಯಿಯ ತಲೆಯ ಮೇಲೆ ಹಿಡಿದ ಪರಿಹಾಸವು 'ಛತ್ರಾಕ'ವೆಂಬ ಬರಿಯ ಆಕಾರವಾಚಕದಲ್ಲಿ ಎಲ್ಲಿದೆ?

ಮಾನ್ವಿ, ದೇವದುರ್ಗ, ಮಲ್ಲಟಗಳ ಎಡೆದೊರೆನಾಡಿಗೆ ನೆರೆಯದಾದ ತೆಲುಗಿನಲ್ಲಿ ಇದು 'ಕುಕ್ಕಗೊಡುಗು', ತಮಿಳಿನಲ್ಲಿ 'ನಾಯ್‌ಕುಡೈ'. ಇಷ್ಟೇ ಆಗಿದ್ದರೆ ದ್ರಾವಿಡಮೂಲದ ಒಂದೇ ಪದವೆಂದು ಸುಮ್ಮನಿರಬಹುದಿತ್ತು. ಆದರೆ ಮರಾಠಿಯಲ್ಲಿಯೂ 'ಕುತ್ರ್ಯಾಚೀ ಛತ್ರೀ' ಎನ್ನುತ್ತಾರೆ. ಧಾತುಗಳು ಬೇರೆ, ಭಾವವು ಒಂದೇ. ಭಾಷೆಯ ಗಡಿಯನ್ನು ದಾಟಿದ್ದು ಶಬ್ದವಲ್ಲ, ಕಲ್ಪನೆ.

ಶಿಷ್ಟಸಾಹಿತ್ಯದಲ್ಲಿ ಎರಡು ದೃಷ್ಟಿಗಳಿವೆ. ಮನುಸ್ಮೃತಿಯ ಐದನೆಯ ಅಧ್ಯಾಯವು ಕವಕ, ಛತ್ರಾಕಗಳನ್ನು ಅಭಕ್ಷ್ಯಗಳಲ್ಲಿ ಸೇರಿಸಿತು. ಮೇಘದೂತದಲ್ಲಿಯೋ ಗುಡುಗಿಗೆ ಏಳುವ ಶಿಲೀಂಧ್ರವು ಭೂಮಿಯ ಸಾಫಲ್ಯದ ಗುರುತು. ಮಲ್ಲಿನಾಥನು ಅದನ್ನು ಕಂದಲಿಯೆಂದು ಅರ್ಥೈಸಿ, ಬರಲಿರುವ ಬೆಳೆಯ ಸೂಚಕವೆಂದನು. ಜನರ ಮಾತು ಈ ಎರಡಕ್ಕೂ ಎಡೆಗೊಟ್ಟಿದೆ: ತಿನ್ನತಕ್ಕದ್ದು ಅಣಬೆ, ತಿನ್ನಬಾರದ್ದು ನಾಯಿಕೊಡೆ. ಎಲ್ಲೆಡೆಯೂ ಈ ಭೇದವನ್ನು ಪಾಲಿಸುವುದಿಲ್ಲವೆಂಬುದು ನಿಜ.

ಇಂಗ್ಲಿಷರು ಮರದ ಬುಡದಲ್ಲಿ ಹುಟ್ಟುವ ಒಂದು ಕಪ್ಪು ಶಿಲೀಂಧ್ರವನ್ನೂ ಕಡಲಿನ ಒಂದು ಮೆತು ಹವಳವನ್ನೂ 'ಸತ್ತವನ ಬೆರಳು' ಎಂದೇ ಕರೆಯುತ್ತಾರೆ. ಬಾಗಿದ ಚಿಪ್ಪಿನ ಪಳೆಯುಳಿಕೆಯೊಂದು ಅವರಿಗೆ 'ಸೈತಾನನ ಕಾಲುಗುರು'. ಅಲ್ಲಿ ಸಾದೃಶ್ಯವೇ ಬೀಭತ್ಸಕ್ಕೆ ಮೂಲ. ಆದರೆ ರಸವು ವಸ್ತುವಿನಲ್ಲಿಯೇ ನಿಂತಿದೆಯೆಂದು ತಿಳಿಯಬಾರದು. ಸುರುಳಿಚಿಪ್ಪಿನ ಅಮ್ಮೊನೈಟ್ ವಿಟ್‌ಬಿಯಲ್ಲಿ ಸಂತ ಹಿಲ್ಡಾ ಕಲ್ಲಾಗಿಸಿದ ಹಾವು; ಅದೇ ಜಾತಿಯ ಪಳೆಯುಳಿಕೆ ಗಂಡಕೀನದಿಯಲ್ಲಿ ಸಿಕ್ಕಿದಾಗ ಚಕ್ರಾಂಕಿತವಾದ ಶಾಲಿಗ್ರಾಮ.

ಈಗಿನ ಗದ್ಯದಲ್ಲಿ 'ನಾಯಿಕೊಡೆಗಳಂತೆ ತಲೆಯೆತ್ತಿದವು' ಎಂಬ ಉಪಮೆಯು ಸವೆದುಹೋಗಿದೆ. ಸಂಘಗಳಿಗೂ ಅಂಗಡಿಗಳಿಗೂ ಅದೇ. ಇದರಲ್ಲಿ ಉಳಿದಿರುವುದು ಬೆಳೆಯುವ ವೇಗವೊಂದೇ, ವಿಷದ ಮಾತು ಜಾರಿಹೋಗಿದೆ. ವಿಷವಾದರೋ ಅಲಂಕಾರವಲ್ಲ. ಅಮಾನಿಟಾ ಕುಲದ ಕೆಲವನ್ನು ತಿಂದವರಿಗೆ ಆರು ಗಂಟೆಗಳವರೆಗೂ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ, ಏನೂ ತೋರುವುದಿಲ್ಲ. ಬಳಿಕ ವಾಂತಿಭೇದಿ, ಆಮೇಲೆ ಯಕೃತ್ತಿನ ನಾಶ. ಬೇಯಿಸಿದರೂ ಆ ವಿಷವು ಅಳಿಯದು.