ಮಡಿ, ಮೈಲಿಗೆ ಮತ್ತು ಪಾಪ: ಯಾಜಕಕಾಂಡದ ಎರಡು ನಿಷೇಧಗಳ ಕನ್ನಡ ಓದು

ಪ್ರಾಚೀನ ಧರ್ಮಗ್ರಂಥವೊಂದರ ವಿಧಿನಿಷೇಧಗಳು ಬೇರೊಂದು ಭಾಷೆಗೆ ಬಂದಾಗ, ಅವುಗಳ ಬೆನ್ನಿಗಿರುವ ಲೋಕದೃಷ್ಟಿಯೂ ಜೊತೆಗೆ ಬರುತ್ತದೆಯೇ ಎಂಬುದು ಅನುವಾದ ಮೀಮಾಂಸೆಯ ಮೂಲಭೂತ ಪ್ರಶ್ನೆ. ಹೀಬ್ರೂ ಧರ್ಮಗ್ರಂಥದಲ್ಲಿ ಗಂಡು-ಗಂಡಿನ ಲೈಂಗಿಕ ಸಂಬಂಧವನ್ನು ನೇರವಾಗಿ ನಿಷೇಧಿಸುವ ವಾಕ್ಯಗಳು ಎರಡೇ: ಯಾಜಕಕಾಂಡದ 18:22 ಮತ್ತು 20:13. ಮೊದಲನೆಯದು ನಿಷೇಧವನ್ನು ಹೇಳುತ್ತದೆ. ಎರಡನೆಯದು ಇಬ್ಬರಿಗೂ ಮರಣದಂಡನೆಯನ್ನು ವಿಧಿಸುತ್ತದೆ. ಹೆಣ್ಣು-ಹೆಣ್ಣಿನ ಸಂಬಂಧದ ಬಗ್ಗೆ ಮೂಲಪಠ್ಯ ಮೌನವಾಗಿದೆ. ಆ ನಿಷೇಧವನ್ನು ‘ಸಿಫ್ರಾ’ದಂತಹ ನಂತರದ ರಬ್ಬಿಗಳ ವ್ಯಾಖ್ಯಾನಗಳು ಬೇರೆ ವಾಕ್ಯದಿಂದ ತೆಗೆದವು. ಇಷ್ಟು ಕಿರಿದಾದ ಪಠ್ಯದ ಮೇಲೆ ನಿಂತಿರುವ ತೀರ್ಪಿನ ಭಾರ ಮಾತ್ರ ಬಹಳ ದೊಡ್ಡದು.

ಬೆಂಗಳೂರಿನ ವಿಜಯನಗರ, ರಾಜಾಜಿನಗರಗಳಂತಹ ಬಡಾವಣೆಗಳಲ್ಲಿ ಕನ್ನಡದಲ್ಲಿ ಆರಾಧನೆ ನಡೆಸುವ ಸಭೆಗಳ ಕಿವಿಗೆ ಬೀಳುವುದು ಹೀಬ್ರೂ ಅಲ್ಲ, ‘ಸತ್ಯವೇದ’ದ ಕನ್ನಡ. ಆ ಕನ್ನಡಕ್ಕೆ ಸುದೀರ್ಘ ಚರಿತ್ರೆಯಿದೆ. ಬಳ್ಳಾರಿಯಲ್ಲಿ ನೆಲೆಸಿದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಹತ್ತೊಂಬತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಕೈಗೊಂಡ ಅನುವಾದ ಅದರ ಮೊದಲ ಘಟ್ಟ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಪಂಡಿತರು ಕನ್ನಡದ ಭಾಷಾಶಾಸ್ತ್ರಕ್ಕೆ ಹೊಸ ಶಿಸ್ತನ್ನು ತಂದರು; 1894ರ ಕಿಟ್ಟೆಲ್ ನಿಘಂಟು ಅದರ ಶಿಖರ. ಮೋಶೆಯ ಐದು ಗ್ರಂಥಗಳಿಗೆ ರಾಮಾಯಣವನ್ನು ನೆನಪಿಸುವ ‘ಕಾಂಡ’ ಎಂಬ ಹೆಸರು ದೊರೆತದ್ದೇ ಗಮನಾರ್ಹ. ಅನುವಾದಕರು ಪರಕೀಯ ಗ್ರಂಥವನ್ನು ದೇಶೀಯ ಪವಿತ್ರ ಸಾಹಿತ್ಯದ ಮನೆಯೊಳಕ್ಕೆ ಬರಮಾಡಿಕೊಂಡರು. ಹಾಗೆ ಬಂದ ಪಠ್ಯವನ್ನು ಈ ಮನೆಯ ಪರಿಕಲ್ಪನೆಗಳಿಂದಲೇ ಪರೀಕ್ಷಿಸುವುದು ಕನ್ನಡ ವಿಮರ್ಶೆಯ ಹಕ್ಕು, ಹೊಣೆಯೂ ಹೌದು.

ಎರಡೂ ವಾಕ್ಯಗಳ ಕೀಲಿಪದ ‘ತೋಏವಾ’. ಇದಕ್ಕೆ ಅಸಹ್ಯ, ಹೇಯ ಎಂಬ ಅರ್ಥಗಳನ್ನು ಕೊಡುವುದು ರೂಢಿ. ಆದರೆ ಇದೇ ಪದ ಎಲ್ಲೆಲ್ಲಿ ಬಳಕೆಯಾಗಿದೆ ಎಂಬುದನ್ನು ನೋಡಬೇಕು. ಆದಿಕಾಂಡ 43:32ರಲ್ಲಿ ಇಬ್ರಿಯರೊಂದಿಗೆ ಕುಳಿತು ಉಣ್ಣುವುದು ಐಗುಪ್ತರಿಗೆ ತೋಏವಾ. 46:34ರಲ್ಲಿ ಕುರುಬರು ಅವರಿಗೆ ತೋಏವಾ. ಧರ್ಮೋಪದೇಶಕಾಂಡ 14:3ರಲ್ಲಿ ನಿಷಿದ್ಧ ಆಹಾರ ತೋಏವಾ. 25:16ರಲ್ಲಿ ಸುಳ್ಳು ತೂಕದ ಕಲ್ಲುಗಳನ್ನು ಬಳಸುವ ವ್ಯಾಪಾರಿ ತೋಏವಾ. ಪಂಕ್ತಿಭೇದದಿಂದ ತೂಕದ ಮೋಸದವರೆಗೆ ವ್ಯಾಪಿಸುವ ಈ ಪದ ಒಂದು ಸಮುದಾಯ ತನ್ನ ಗಡಿಯಾಚೆಗೆ ನಿಲ್ಲಿಸಿದ್ದನ್ನೆಲ್ಲ ಸೂಚಿಸುತ್ತದೆ. ‘ಅಸಹ್ಯ’ ಎಂಬ ಪದ ಓದುಗನ ಹೊಟ್ಟೆ ತೊಳಸುವಿಕೆಯನ್ನು ಹೇಳುತ್ತದೆ. ‘ತೋಏವಾ’ ಸಮುದಾಯದ ಗೆರೆಯನ್ನು ಹೇಳುತ್ತದೆ. ಮೊದಲನೆಯದು ಭಾವ, ಎರಡನೆಯದು ವ್ಯವಸ್ಥೆ. ವ್ಯವಸ್ಥೆಯ ಮಾತು ಭಾವದ ಮಾತಾದಾಗ ನಿಷೇಧವು ಕೃತ್ಯವನ್ನು ಬಿಟ್ಟು ವ್ಯಕ್ತಿಗೆ ಅಂಟಿಕೊಳ್ಳುತ್ತದೆ.

‘ಮಿಶ್ಕವೇ ಇಶ್ಶಾ’ ಎಂಬ ನುಡಿಗಟ್ಟೂ ಸುಲಭದ್ದಲ್ಲ. ಅದರ ಪದಶಃ ಅರ್ಥ ‘ಸ್ತ್ರೀಯ ಶಯನಗಳು’. ಸಾಲ್ ಓಲ್ಯಾನ್ 1994ರ ಲೇಖನದಲ್ಲಿ ಇದು ನಿರ್ದಿಷ್ಟವಾದ ಒಂದು ಕೃತ್ಯವನ್ನಷ್ಟೇ ಸೂಚಿಸುತ್ತದೆ ಎಂದು ವಾದಿಸಿದರು. ಜೇಕಬ್ ಮಿಲ್‌ಗ್ರೋಮ್ ಈ ನಿಷೇಧ ಇಸ್ರಾಯೇಲರಿಗೂ ಆ ನಾಡಿನ ನಿವಾಸಿಗಳಿಗೂ ಸೀಮಿತವೆಂದರು. ರಾಬರ್ಟ್ ಗ್ಯಾಗ್ನನ್ 2001ರ ತಮ್ಮ ಗ್ರಂಥದಲ್ಲಿ ಇದು ಸಾರ್ವಕಾಲಿಕ ನಿಷೇಧವೇ ಎಂದು ಸಮರ್ಥಿಸಿದರು. ಪಠ್ಯ ತನ್ನಷ್ಟಕ್ಕೆ ತಾನೇ ಸ್ಪಷ್ಟವಾಗಿದೆ ಎನ್ನುವವರು ಕನಿಷ್ಠ ಈ ವಿವಾದಕ್ಕೆ ಉತ್ತರ ಕೊಡಬೇಕಾಗುತ್ತದೆ.

ಇಲ್ಲಿ ಕನ್ನಡದ ಓದುಗನಿಗೆ ಒಂದು ವಿಶೇಷ ಸಲಕರಣೆಯಿದೆ: ಮಡಿ-ಮೈಲಿಗೆ. ಯಾಜಕಕಾಂಡದ ಆಹಾರ ನಿಷೇಧಗಳನ್ನು ವರ್ಗೀಕರಣದ ತರ್ಕದಿಂದ ವಿವರಿಸಿದ ಮೇರಿ ಡಗ್ಲಸ್ ಅವರ ‘ಪ್ಯೂರಿಟಿ ಅಂಡ್ ಡೇಂಜರ್’ (1966) ಗ್ರಂಥವು ಎಂ.ಎನ್. ಶ್ರೀನಿವಾಸ್ ಅವರ ಕೊಡವರ ಅಧ್ಯಯನವನ್ನು (1952) ಬಳಸಿಕೊಂಡಿದೆ. ದೇಹದ ಗಡಿಗಳ ಆತಂಕ ಸಮುದಾಯದ ಗಡಿಗಳ ಆತಂಕವೂ ಹೌದೆಂಬ ಡಗ್ಲಸ್ ಅವರ ನಿಲುವಿಗೆ ಕೊಡಗು ಸಾಕ್ಷಿ ಒದಗಿಸಿತು. ಕನ್ನಡ ನೆಲದಲ್ಲಿ ಮೈಲಿಗೆಯನ್ನು ಪಾಪದಿಂದ ಬೇರ್ಪಡಿಸಿ ಪ್ರಶ್ನಿಸಿದ ಪರಂಪರೆಯೂ ಇದೆ. ಹನ್ನೆರಡನೆಯ ಶತಮಾನದ ಶರಣರು ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಪಂಚಸೂತಕಗಳನ್ನು ನಿರಾಕರಿಸಿದಾಗ, ಶಾಸ್ತ್ರ ಹೊರಗಿಟ್ಟದ್ದೆಲ್ಲ ಅನೀತಿಯಲ್ಲ ಎಂಬ ವಿವೇಕ ಕನ್ನಡಕ್ಕೆ ದಕ್ಕಿತ್ತು.

ಆದರೆ ಈ ಹೋಲಿಕೆಯನ್ನು ಎಲ್ಲೆ ಮೀರಿ ಎಳೆಯಬಾರದು. ಯಾಜಕಕಾಂಡದ 11ರಿಂದ 15ನೆಯ ಅಧ್ಯಾಯಗಳ ಅಶೌಚ ಬಹುಮಟ್ಟಿಗೆ ಸ್ನಾನದಿಂದ, ಕಾಲಾವಧಿಯಿಂದ ಕಳೆಯುವಂಥದು. 18 ಮತ್ತು 20ನೆಯ ಅಧ್ಯಾಯಗಳದ್ದು ಹಾಗಲ್ಲ. ಅದು ನಾಡನ್ನೇ ಕೆಡಿಸುತ್ತದೆ, ನಾಡು ತನ್ನ ನಿವಾಸಿಗಳನ್ನು ಹೊರಚೆಲ್ಲುತ್ತದೆ ಎಂಬುದು ಪಠ್ಯದ ನಿಲುವು. ಜೊನಾಥನ್ ಕ್ಲಾವನ್ಸ್ 2000ದ ಅಧ್ಯಯನದಲ್ಲಿ ಇವೆರಡನ್ನೂ ವಿಧಿಸಂಬಂಧಿ ಅಶೌಚ, ನೈತಿಕ ಅಶೌಚ ಎಂದು ವಿಂಗಡಿಸಿದ್ದಾರೆ. ಆದ್ದರಿಂದ ‘ಇದು ಬರಿಯ ಮಡಿಯ ಮಾತು’ ಎಂದು ತಳ್ಳಿಹಾಕುವುದು ಪಠ್ಯಕ್ಕೆ ಬಗೆಯುವ ಅನ್ಯಾಯ. ಅದೇ ಅಧ್ಯಾಯ ತಂದೆತಾಯಿಯನ್ನು ಶಪಿಸುವವನಿಗೂ (20:9) ಮರಣದಂಡನೆ ವಿಧಿಸುತ್ತದೆ ಎಂಬುದನ್ನು ಮರೆತು, ಒಂದು ವಾಕ್ಯವನ್ನು ಮಾತ್ರ ಕಿತ್ತು ತಂದು ಬಳಸುವುದೂ ಅನ್ಯಾಯವೇ. ಶಿಕ್ಷೆಯನ್ನು ಕೈಬಿಟ್ಟು ನಿಷೇಧವನ್ನು ಉಳಿಸಿಕೊಂಡವರು ಆಗಲೇ ವ್ಯಾಖ್ಯಾನದ ದಾರಿ ಹಿಡಿದಿದ್ದಾರೆ. ತಮ್ಮದು ವ್ಯಾಖ್ಯಾನವಲ್ಲ, ಅಕ್ಷರಶಃ ಪಾಲನೆ ಎಂದು ಅವರು ಹೇಳುವಂತಿಲ್ಲ.

ಸೊದೋಮಿನ ಕಥೆಯನ್ನು (ಆದಿಕಾಂಡ 19) ಈ ಚರ್ಚೆಗೆ ಎಳೆಯುವುದು ಇನ್ನೂ ದುರ್ಬಲ. ಅಲ್ಲಿರುವುದು ಅತಿಥಿಗಳ ಮೇಲಿನ ಸಾಮೂಹಿಕ ಬಲಾತ್ಕಾರದ ಯತ್ನ. ಯೆಹೆಜ್ಕೇಲ 16:49 ಸೊದೋಮಿನ ಅಪರಾಧವನ್ನು ಗರ್ವ, ಹೊಟ್ಟೆತುಂಬಿದ ನಿಶ್ಚಿಂತೆ ಮತ್ತು ದೀನದರಿದ್ರರ ಉಪೇಕ್ಷೆ ಎಂದೇ ಗುರುತಿಸುತ್ತದೆ.

ಮತ್ತೊಂದು ಅಂಶ ಕನ್ನಡದ ಚರ್ಚೆಗಳಲ್ಲಿ ಅಷ್ಟಾಗಿ ಗಮನಕ್ಕೆ ಬಂದಿಲ್ಲ. ಈ ಎರಡು ವಾಕ್ಯಗಳಲ್ಲಿ ‘ಪ್ರಕೃತಿ’ಯ ಪ್ರಸ್ತಾಪವೇ ಇಲ್ಲ. ಪ್ರಕೃತಿವಿರುದ್ಧ ಎಂಬ ಪರಿಕಲ್ಪನೆ ಗ್ರೀಕ್ ಚಿಂತನೆಯಿಂದ ಕ್ರೈಸ್ತ ನೀತಿಶಾಸ್ತ್ರಕ್ಕೆ ಹರಿದು, 1533ರ ಇಂಗ್ಲಿಷ್ ಕಾಯಿದೆಯ ಪರಂಪರೆಯೊಡನೆ ಬೆರೆತು, 1860ರ ಭಾರತೀಯ ದಂಡಸಂಹಿತೆಯ 377ನೆಯ ಕಲಮಿಗೆ ಬಂದಿತು. 2018ರ ಸೆಪ್ಟೆಂಬರ್ 6ರಂದು ಸರ್ವೋಚ್ಚ ನ್ಯಾಯಾಲಯ ವಯಸ್ಕರ ಸಮ್ಮತಿಯ ಸಂಬಂಧವನ್ನು ಆ ಕಲಮಿನ ವ್ಯಾಪ್ತಿಯಿಂದ ಹೊರಗಿಟ್ಟಿತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಕಲಮೇ ಇಲ್ಲ. ಕಾನೂನು ಹೋದರೂ ವೇದಿಕೆಯ ಮಾತು ಉಳಿಯುತ್ತದೆ. ಸಭೆಯಲ್ಲಿ ಕುಳಿತು ತನ್ನ ಬಗ್ಗೆಯೇ ‘ಅಸಹ್ಯ’ ಎಂಬ ಪದವನ್ನು ಕೇಳಿಸಿಕೊಳ್ಳುವ ಮಗನಿಗೋ ಮಗಳಿಗೋ ನ್ಯಾಯಾಲಯದ ತೀರ್ಪು ಅರ್ಧ ಸಮಾಧಾನ ಮಾತ್ರ.

ಪಠ್ಯವನ್ನು ಅಳಿಸದೆಯೂ ಮನುಷ್ಯನನ್ನು ಉಳಿಸುವ ದಾರಿಗಳನ್ನು ಯೆಹೂದಿ ಪರಂಪರೆ ಹುಡುಕಿದೆ. ಅಮೆರಿಕದ ಕನ್ಸರ್ವೇಟಿವ್ ಪಂಥದ ಧರ್ಮಶಾಸ್ತ್ರ ಸಮಿತಿ 2006ರ ಡಿಸೆಂಬರ್‌ನಲ್ಲಿ ಅಂಗೀಕರಿಸಿದ ಒಂದು ನಿರ್ಣಯವು ಯಾಜಕಕಾಂಡದ ನಿಷೇಧವನ್ನು ಒಂದೇ ಕೃತ್ಯಕ್ಕೆ ಸೀಮಿತಗೊಳಿಸಿ ಉಳಿಸಿಕೊಂಡಿತು. ರಬ್ಬಿಗಳು ನಂತರ ಸೇರಿಸಿದ ನಿರ್ಬಂಧಗಳನ್ನು ‘ಕೆವೋದ್ ಹಬ್ರಿಯೋತ್’, ಅಂದರೆ ಜೀವಿಗಳ ಘನತೆ, ಎಂಬ ತತ್ತ್ವದಿಂದ ಸಡಿಲಿಸಿತು. ಅದೇ ಸಭೆ ಇದಕ್ಕೆ ವಿರುದ್ಧವಾದ ನಿರ್ಣಯವನ್ನೂ ಮಾನ್ಯ ಮಾಡಿತು. ಎರಡು ತೀರ್ಪುಗಳು ಅಕ್ಕಪಕ್ಕದಲ್ಲಿ ಬದುಕಬಲ್ಲವು ಎಂಬುದನ್ನು ಒಪ್ಪಿದ್ದೇ ಅಲ್ಲಿನ ದೊಡ್ಡ ಪಾಠ.

ಕನ್ನಡ ಸಾಹಿತ್ಯದಲ್ಲಿ ವಸುಧೇಂದ್ರರ ‘ಮೋಹನಸ್ವಾಮಿ’ (2013) ಈ ಬದುಕಿನ ಅವಮಾನವನ್ನು ಬೈಬಲ್ಲಿನ ನೆರಳಿಲ್ಲದ ಮನೆಗಳಲ್ಲಿಯೇ ತೋರಿಸಿತು. ಅವಮಾನದ ಬೇರು ಒಂದೇ ಗ್ರಂಥದಲ್ಲಿಲ್ಲ ಎಂಬುದಕ್ಕೆ ಅದು ನಿದರ್ಶನ. ‘ತೋಏವಾ’ ಪದಕ್ಕೆ ಸಂದರ್ಭಾನುಸಾರ ಅರ್ಥ ಹೇಳುವ ಟಿಪ್ಪಣಿಯೊಂದನ್ನು ಮುಂದಿನ ಕನ್ನಡ ಪರಿಷ್ಕರಣಗಳು ಅಡಿಯಲ್ಲಿ ಕೊಟ್ಟರೆ ಗ್ರಂಥದ ಗೌರವಕ್ಕೆ ಕುಂದಾಗದು. ನಿಷೇಧ ನಿಷೇಧವಾಗಿಯೇ ಉಳಿಯುತ್ತದೆ. ಅದು ಯಾರಿಗೆ, ಯಾವ ನೆಲದಲ್ಲಿ, ಯಾವುದರ ಬಗ್ಗೆ ಹೇಳಿದ್ದು ಎಂದು ಕೇಳುವ ಅವಕಾಶ ಓದುಗನಿಗೆ ದೊರೆಯುತ್ತದೆ.