ಯೋನಾದಾಬನ ಕೌಶಲ

2022ರ ಜೂನ್ ಮೊದಲ ವಾರದಲ್ಲಿ ಲೇಯರ್ ಶಾಟ್ ಎಂಬ ಸುಗಂಧದ್ರವ್ಯದ ಎರಡು ಜಾಹೀರಾತುಗಳು ಟೀವಿಯಲ್ಲಿ ಪ್ರಸಾರವಾದವು. ಒಂದರಲ್ಲಿ, ಅಂಗಡಿಯೊಳಗೆ ಒಂಟಿಯಾಗಿ ನಿಂತ ಯುವತಿಯ ಬೆನ್ನ ಹಿಂದೆ ನಾಲ್ವರು ಗಂಡಸರಿದ್ದಾರೆ. ತಾವು ನಾಲ್ವರು, ಇರುವುದು ಒಂದೇ, ಸರದಿ ಯಾರದೆಂದು ಅವರು ಮಾತಾಡಿಕೊಳ್ಳುತ್ತಾರೆ. ಆಕೆ ಬೆಚ್ಚಿ ತಿರುಗುತ್ತಾಳೆ. ಅವರ ಮಾತು ಕಪಾಟಿನಲ್ಲಿದ್ದ ಶೀಶೆಯ ಕುರಿತದ್ದೆಂದು ಆಮೇಲೆ ತಿಳಿಯುತ್ತದೆ. ಇನ್ನೊಂದು ಮಲಗುವ ಕೋಣೆಯಲ್ಲಿ ನಡೆಯುತ್ತದೆ. ಅದನ್ನು ಇಲ್ಲಿ ವಿವರಿಸಬೇಕಾಗಿಲ್ಲ. ಜೂನ್ 4ರಂದು ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯವು ಇವುಗಳನ್ನು ತೆಗೆದುಹಾಕುವಂತೆ ಟ್ವಿಟರ್, ಯೂಟ್ಯೂಬ್ ಸಂಸ್ಥೆಗಳಿಗೆ ಸೂಚಿಸಿತು. ಕಂಪನಿ ಕ್ಷಮೆ ಕೇಳಿತು.

ಶ್ಲೇಷೆಯೇ ಈ ಜಾಹೀರಾತಿನ ಜೀವಾಳವೆಂದು ಅದರ ಕರ್ತೃಗಳು ಭಾವಿಸಿರಬೇಕು. ರಬಕವಿ-ಬನಹಟ್ಟಿಯ ನೇಕಾರರ ಮನೆಯೊಂದನ್ನು ನೆನೆಯೋಣ. ವಿದ್ಯುತ್ ಮಗ್ಗದ ಸದ್ದಿನ ನಡುವೆ, ಕಂಡಿಕೆ ಸುತ್ತುತ್ತ ಕುಳಿತ ಹೆಣ್ಣುಮಗಳಿಗೆ ಟೀವಿಯ ಮಾತು ಕೇಳದು; ಕೇಳಿದರೂ ಆ ಹಿಂದಿಯ ಚಮತ್ಕಾರ ಮುಟ್ಟದು. ಆಗ ಉಳಿಯುವುದೇನು? ನಾಲ್ವರು ಗಂಡಸರು, ಒಬ್ಬ ಹೆಣ್ಣು, ಆಕೆಯ ಕಣ್ಣಿನ ಭೀತಿ. ಮಾರಾಟಕ್ಕಿಟ್ಟ ಸರಕು ಆ ಭೀತಿಯೇ.

ಇಲ್ಲಿ ನಮ್ಮ ಸಭೆಗಳ ಬಗೆಗೂ ಒಂದು ಮಾತು ಹೇಳಬೇಕು. ಜಾಹೀರಾತುಗಳನ್ನು ಖಂಡಿಸುವ ನಮ್ಮ ಪ್ರಸಂಗಗಳು ಸಾಮಾನ್ಯವಾಗಿ ಬಟ್ಟೆಯ ಅಳತೆಯಲ್ಲೇ ತೊಡಗಿ ಅಲ್ಲಿಯೇ ಮುಗಿಯುತ್ತವೆ. 1986ರ ಕಾನೂನಿನ ಹೆಸರಿನಲ್ಲಿರುವುದೂ ಸ್ತ್ರೀಯರ ‘ಅಸಭ್ಯ ನಿರೂಪಣೆ’ಯೇ. ಆದರೆ ಅಂಗಡಿಯ ಆ ಯುವತಿಯ ಉಡುಪಿನಲ್ಲಿ ಆಕ್ಷೇಪಿಸತಕ್ಕದ್ದೇನೂ ಇರಲಿಲ್ಲ. ನಮ್ಮ ಅಳತೆಗೋಲಿಗೆ ಈ ಹಿಂಸೆ ಸಿಕ್ಕುವುದೇ ಇಲ್ಲ. ಪರ್ವತ ಪ್ರಸಂಗದಲ್ಲಿ ಕರ್ತನು ನೋಡುವವನ ಕಣ್ಣನ್ನು ಕುರಿತು ಮಾತಾಡಿದನೇ ಹೊರತು ನೋಡಲ್ಪಟ್ಟವಳ ಸೆರಗನ್ನು ಕುರಿತಲ್ಲ. ಯೌವನಸ್ಥರ ಕೂಟಗಳಲ್ಲಿ ನಾವು ಇದನ್ನು ತಲೆಕೆಳಗು ಮಾಡಿದ್ದೇವೆ.

ಈ ಜಾಹೀರಾತಿಗೆ ಸತ್ಯವೇದದಲ್ಲಿ ಹತ್ತಿರದ ಭಾಗವೆಂದರೆ ಸಮುವೇಲನ ಎರಡನೆಯ ಗ್ರಂಥದ 13ನೆಯ ಅಧ್ಯಾಯ. ಅಮ್ನೋನನ ಪಾಪವನ್ನು ಎಲ್ಲರೂ ಬಲ್ಲರು. ಅವನ ಗೆಳೆಯ ಯೋನಾದಾಬನನ್ನು ನಾವು ಗಮನಿಸುವುದಿಲ್ಲ. ಅವನು ಬಹು ಯುಕ್ತಿವಂತ. ತಾಮಾರಳನ್ನು ಅವನು ಮುಟ್ಟಲಿಲ್ಲ. ದೃಶ್ಯವನ್ನು ಹೊಂದಿಸಿಕೊಟ್ಟನು, ಅಷ್ಟೆ. ಹಾಸಿಗೆ, ರೋಗದ ನಟನೆ, ಆಕೆಯ ಕೈಯಿಂದಲೇ ಊಟ: ಎಲ್ಲವೂ ಅವನ ರಚನೆ. ಜಾಹೀರಾತಿನವನ ಕಸಬೂ ಇದೇ.

ಆದರೂ ಆ ಅಧ್ಯಾಯ ತಾಮಾರಳನ್ನು ಮೂಕಳಾಗಿಸುವುದಿಲ್ಲ. ಆಕೆ ವಾದಿಸುತ್ತಾಳೆ, ಇಸ್ರಾಯೇಲಿನ ಮರ್ಯಾದೆಯನ್ನು ನೆನಪಿಸುತ್ತಾಳೆ, ತನ್ನ ಮುಂದಿನ ಗತಿಯೇನೆಂದು ಕೇಳುತ್ತಾಳೆ. ಹೊರದಬ್ಬಲ್ಪಟ್ಟ ಮೇಲೆ ಬೂದಿ ಹಾಕಿಕೊಂಡು ಬೀದಿಯಲ್ಲಿ ಗೋಳಿಡುತ್ತಾಳೆ. ಸುಮ್ಮನಿರೆಂದು ಹೇಳಿದವನು ಅಣ್ಣ ಅಬ್ಷಾಲೋಮ, ಗ್ರಂಥಕರ್ತನಲ್ಲ. ಮುಧೋಳದ ರನ್ನನೂ ಗದಾಯುದ್ಧದಲ್ಲಿ ದ್ರೌಪದಿಯ ಬಿಚ್ಚುಮುಡಿಯನ್ನು ನೋಟದ ವಸ್ತುವಾಗಿಸಲಿಲ್ಲ. ಭೀಮನೆದುರು ಆಕೆಯನ್ನೇ ಮಾತಾಡಿಸಿದನು. ಸಾವಿರ ವರ್ಷಗಳ ಹಿಂದೆ ಈ ಸೀಮೆಯ ಜೈನ ಕವಿಗೆ ಹೊಳೆದದ್ದು ನಮ್ಮ ಕಾಲದ ಕ್ಯಾಮೆರಾಕ್ಕೆ ಹೊಳೆಯಲಿಲ್ಲ. ಅಂಗಡಿಯ ಯುವತಿಗೆ ಬೆಚ್ಚುವುದನ್ನು ಬಿಟ್ಟರೆ ಬೇರೆ ಪಾತ್ರವೇ ಇರಲಿಲ್ಲ.

ದಾವೀದ-ಬತ್ಷೆಬೆಯರ 11ನೆಯ ಅಧ್ಯಾಯ ಮತ್ತು ನಾತಾನನ 12ನೆಯದು ಜಮಖಂಡಿಯಿಂದ ಬೀಳಗಿಯವರೆಗೆ ನಮ್ಮ ಪ್ರಸಂಗಪೀಠಗಳಿಗೆ ಪರಿಚಿತ. 13ನೆಯದನ್ನು ಆರಾಧನೆಯಲ್ಲಿ ಓದಲು ನಾವು ಹಿಂಜರಿಯುತ್ತೇವೆ, ಮಕ್ಕಳಿರುತ್ತಾರೆ ಎನ್ನುತ್ತೇವೆ. ಆ ಮಕ್ಕಳು ಕ್ರಿಕೆಟ್ಟಿನ ನಡುವೆ ಜಾಹೀರಾತುಗಳನ್ನು ನೋಡಿಯೇ ಸಭೆಗೆ ಬಂದಿರುತ್ತಾರೆ. ಓದಿದರೆ ಕೊನೆಯವರೆಗೆ ಓದಬೇಕು. ಅಮ್ನೋನನು ಹತನಾದ ಮೇಲೆ ಯೋನಾದಾಬನು ಮತ್ತೆ ಬರುತ್ತಾನೆ; ಸತ್ತವನು ಅಮ್ನೋನನೊಬ್ಬನೇ ಎಂದು ಅರಸನನ್ನು ಸಮಾಧಾನಪಡಿಸುತ್ತಾನೆ. ಅವನನ್ನು ಯಾರೂ ಏನೂ ಕೇಳುವುದಿಲ್ಲ.